ನನಗೊಬ್ಬಳಿಗೇ ಹೇಳದ ಸುದ್ದಿ

ಯಾರಿಗೆ ಏನು ಹೇಳಿದ್ದೇನೆ ಎಂಬುದು ನನಗೆ ನೆನಪಿರುವುದಿಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿ ತಂಗಿಯಿಂದ ಬೈಸಿಕೊಳ್ಳುತ್ತೇನೆ. ಏನು ಮಾಡಲಿ, ಅಪ್ಪನಿಂದ ಬಂದ ಬಳುವಳಿ. ಅವನದಂತೂ ನನಗಿಂತ ಕಡೆ.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಯಲಬುರ್ಗಾ ಹತ್ತಿರದ ನಮ್ಮೂರಿನಿಂದ ನಾನು ಎರಡನೆಯ ಸಲ ಟೀಚರ್ ನೌಕರಿಗೆ ಅರ್ಜಿ ಹಾಕಿದ್ದೆ. ಈ ಸಲವೂ ಆಗದಿದ್ದರೆ ಸುಮ್ಮನೆ ಮದುವೆಗೆ ಒಪ್ಪಬೇಕೆಂದು ಮನೆಯಲ್ಲಿ ಮಾತಾಗಿತ್ತು. ಆಯ್ಕೆಯಾದವರ ಹೆಸರು ಕಚೇರಿ ಗೋಡೆಗೆ ಹಚ್ಚಿದ್ದಾರೆಂದು ತಿಳಿದಾಗ, ಹೋಗಿ ನೋಡುವ ಧೈರ್ಯ ಸಾಲದೆ ಅಪ್ಪನನ್ನು ಕೊಪ್ಪಳಕ್ಕೆ ಕಳಿಸಿದೆ.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದು ಊಟಕ್ಕೆ ಕುಳಿತ. ಹುಲಿಗಿಯ ಗುಡಿಗೆ ಹೋಗಿ ಮರಳುವ ಮಂದಿ ತುಂಬಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದ. "ಪುಂಡಿಪಲ್ಯ ಭಾಳ ಛಲೋ ಆಗೇತಿ" ಎಂದು ಇನ್ನೊಂದು ರೊಟ್ಟಿ ಕೇಳಿದ. ನೌಕರಿಯ ಮಾತೇ ಇಲ್ಲ! ಮುಗಿಯಿತು ನನ್ನ ಕಥೆ ಎಂದುಕೊಂಡೆ. ಕೇಳಬೇಡ ಎಂದು ಅವ್ವ ಕಣ್ಸನ್ನೆ ಮಾಡಿದಳು. ಒಲೆಯ ಮುಂದೆ ಕುಳಿತು ಸಿಟ್ಟು, ದುಃಖ ಎಲ್ಲವನ್ನೂ ರೊಟ್ಟಿಯ ಮೇಲೆ ಬಡಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಚಿಗವ್ವ ಬಾಗಿಲಿಂದಲೇ ಕೂಗಿದಳು: "ಏನವಾ ಟೀಚರಮ್ಮ, ನಮ್ಮ ಬಾಯಿ ಸಿಹಿ ಮಾಡೋದು ಬಿಟ್ಟು ರೊಟ್ಟಿ ಬಡ್ಕೋತ ಕುಂತೀಯಲ್ಲ!"

ನನ್ನ ಕೈ ಅಲ್ಲೇ ನಿಂತಿತು. "ಅಪ್ಪಾ, ಏನಂತಾಳ ಚಿಗವ್ವ?"

"ನೌಕರಿ ಆತಲ್ಲ, ಹೇಳಿದ್ನಲ್ಲ ನಿನಗ!"

"ಯಾವಾಗ ಹೇಳಿದಿ?"

ಅಪ್ಪ ತುತ್ತು ಕೈಯಲ್ಲಿ ಹಿಡಿದೇ ನೆನಪಿಸಿಕೊಳ್ಳತೊಡಗಿದ. ಕಂಡಕ್ಟರಿಗೆ ಹೇಳಿದ್ದ, ಚಹಾದಂಗಡಿಯವನಿಗೆ ಹೇಳಿದ್ದ, ಓಣಿಯಲ್ಲಿ ಎದುರಾದ ಚಿಗವ್ವನಿಗೂ ಹೇಳಿದ್ದ.

ಅವ್ವ ಹಣೆ ಬಡಿದುಕೊಂಡಳು. "ಊರಿಗೆಲ್ಲ ಡಂಗುರ ಸಾರಿ ಬಂದ್ರಿ. ಮಗಳು ಒಬ್ಬಾಕಿ ನೆನಪಾಗಲಿಲ್ಲೇನ್ರಿ?"

ಅಪ್ಪ ಪೆಚ್ಚಾಗಿ ನನ್ನ ಕಡೆ ನೋಡಿದ. "ಬಸ್ ಹತ್ತಿದಾಗಿಂದ ಮನಸಿನ್ಯಾಗ ನಿನಗ ಹೇಳ್ಕೋತನ ಬಂದೀನವಾ. ಹಿಂಗ ಹೇಳಲೇನು, ಹಂಗ ಹೇಳಲೇನು ಅಂತ. ನೀ ಕುಣಿದಾಡಿದ್ದನ್ನೂ ನೋಡಿಬಿಟ್ಟಿದ್ದೆ."

"ಹಂಗಾರ ಈಗ ಬಾಯಿಬಿಟ್ಟು ಹೇಳು" ಎಂದು ಹಿಟ್ಟಿನ ಕೈಯಲ್ಲೇ ಅವನ ಎದುರಿಗೆ ಹೋಗಿ ಕುಳಿತೆ. ನನಗಾಗ ತಡೆಯಲಾರದಷ್ಟು ಖುಷಿ.

ದಾರಿಯುದ್ದಕ್ಕೂ ಕಂಡಕಂಡವರಿಗೆ ಸಲೀಸಾಗಿ ಹೇಳಿಕೊಂಡು ಬಂದಿದ್ದವನು "ಮಗಳ, ನಿನಗ..." ಎಂದು ಶುರು ಮಾಡಿದ. ಅಷ್ಟಕ್ಕೇ ನಿಲ್ಲಿಸಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳತೊಡಗಿದ. ಕೊನೆಗೆ ನಾನೇ ಅವನ ಕೈ ಹಿಡಿದು, "ನನಗ ನೌಕರಿ ಆತಪಾ" ಎಂದು ಅವನಿಗೆ ಹೇಳಿದೆ.