ನಾನು ಹೇಳಿದ ಗುರುವಾರದ ಮಳೆ

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ಆ ಮೂರ್ನಾಲ್ಕು ವಾರ ನನ್ನ ಫೋನಿಗೆ ಪುರಸೊತ್ತಿರುವುದಿಲ್ಲ. ಹಾಸನದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುವವಳು ನಾನು. ಆದರೆ ಫೋನ್ ಮಾಡುವವರಿಗೆ ನನ್ನ ಭೂಗೋಳ ಬೇಕಿಲ್ಲ. ನಮ್ಮ ತಂದೆ ಹೊಳೆನರಸೀಪುರದಲ್ಲಿ ಅರ್ಚಕರಾಗಿದ್ದರು. ಯುಗಾದಿಯ ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಓದಿ ಆ ವರ್ಷದ ಮಳೆ ಬೆಳೆ ಹೇಳುತ್ತಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು, ಮಳೆ ಕೇಳುವವರು ಮಾತ್ರ ಮನೆ ಬದಲಿಸಲಿಲ್ಲ. ಐನೋರ ಮನೆಯಿಂದ ಬಂತು ಎಂದರೆ ಆ ಮಾತಿಗೆ ಎದುರಿಲ್ಲ. ಅದು ಪಂಚಾಂಗದಿಂದ ಬಂದರೇನು, ಮಗಳ ಮೊಬೈಲಿನಿಂದ ಬಂದರೇನು.

ನನಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ತರಗತಿಯಲ್ಲಿ ನನ್ನ ಮಾತನ್ನು ಇಷ್ಟು ಕಿವಿಗೊಟ್ಟು ಕೇಳುವವರಿಲ್ಲ. ಹುಣಸೆಹಣ್ಣು ಅಂಗಳಕ್ಕೆ ಹರಡಬಹುದಾ ಎಂದು ದಂಡಿಗನಹಳ್ಳಿಯಿಂದ ಕೇಳುತ್ತಾರೆ, ಹುಲ್ಲಿನ ಬಣವೆಗೆ ಟಾರ್ಪಾಲು ಹೊದಿಸಬೇಕಾ ಎಂದು ಮೊಸಳೆ ಎಂಬ ಊರಿನಿಂದ. ನಾನು ಫೋನಿನಲ್ಲಿ ಹವಾಮಾನದ ಮೇಲೆ ಒಂದು ಸಲ ಕಣ್ಣಾಡಿಸಿ, ರಾಜಧಾನಿಗಳ ಹೆಸರು ಹೇಳಿದಷ್ಟೇ ಗತ್ತಿನಲ್ಲಿ ಹೇಳಿಬಿಡುತ್ತಿದ್ದೆ.

ಈ ವರ್ಷ ಅರಕಲಗೂಡಿನ ಕಡೆಯಿಂದಲೂ ಫೋನ್ ಬಂತು. ತಾಲ್ಲೂಕಿನ ಪಡುವಣದ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ, ಒಂದೂವರೆ ಎಕರೆ ಕಾಫಿ ನೋಡಿಕೊಂಡಿರುವ ಹೆಂಗಸು ಅವರು. ಅರವತ್ತು ದಾಟಿದೆ. ಅಪ್ಪನ ಕಾಲದಿಂದ ಪರಿಚಯ, ನಾನು ಅಕ್ಕ ಎನ್ನುತ್ತೇನೆ. ಕಾಫಿ ಮೊಗ್ಗು ಅರಳಬೇಕಾದರೆ ಈ ಹೊತ್ತಿನಲ್ಲಿ ಒಂದಿಂಚಾದರೂ ಹೂಮಳೆ ಬೀಳಬೇಕು. ಬೀಳದಿದ್ದರೆ ಕಟ್ಟೆಯ ನೀರನ್ನು ಸ್ಪ್ರಿಂಕ್ಲರ್ ಇಟ್ಟು ಹೊಡೆಯಬೇಕು. ಎರಡೂ ಇಲ್ಲವೆಂದರೆ ಮೊಗ್ಗು ಕೊಂಬೆಯಲ್ಲೇ ಕರಟಿ ಆ ವರ್ಷದ ಬೆಳೆಯೇ ಹೋಯಿತು. ಆ ಕಟ್ಟೆಯನ್ನು ಅವರೂ ಪಕ್ಕದ ಜಮೀನಿನವರೂ ಸರದಿಯಲ್ಲಿ ಬಳಸುತ್ತಾರೆ. ಅಕ್ಕ ಫೋನ್ ಮಾಡಿದ್ದು ತಮ್ಮ ಸರದಿಯ ಹಿಂದಿನ ದಿನ.

“ಮುಗಿಲು ಏನಂತದವ್ವ? ನೀರು ಒಡೀಲೋ, ಕಾಯ್ಲೋ?”

“ಗುರುವಾರ ಮಳೆ ಇದೆ ಅಕ್ಕ. ಕಾಯಿರಿ.”

ಅವರು ಕಾದರು. ಕಾದದ್ದಷ್ಟೇ ಅಲ್ಲ, ಮಳೆ ಹೇಗೂ ಬರುತ್ತದಲ್ಲ ಎಂದು ತಮ್ಮ ಸರದಿಯ ನೀರನ್ನು ಪಕ್ಕದವರ ಶುಂಠಿಗೆ ಬಿಟ್ಟುಕೊಟ್ಟರು.

ಗುರುವಾರ ಸಂಜೆ ಹಾಸನದಲ್ಲಿ ಬೀದಿ ತುಂಬ ಹರಿಯುವಂಥ ಮಳೆ. ಮಳೆ ಹೇಳಿದ ನಾನೇ ಮಹಡಿಯ ಮೇಲೆ ಸಂಡಿಗೆ ಒಣಹಾಕಿ ಮರೆತಿದ್ದೆ, ಅದೆಲ್ಲ ಮತ್ತೆ ಗಂಜಿಯಾಯಿತು. ಆದರೂ ಬೀಗುತ್ತಲೇ ಫೋನ್ ಮಾಡಿದೆ. “ಬಂತಾ ಅಕ್ಕ?”

“ನಿಮ್ಗೆ ಬಂತಾ? ಒಳ್ಳೇದಾಯ್ತು. ನಮ್ಗೆ ಗಾಳಿ ಬಂತು,” ಎಂದವರೇ ಫೋನ್ ಇಟ್ಟರು.

ಆಗ ಹೊಳೆಯಿತು. ನಾನು ನೋಡಿದ್ದು ಹಾಸನದ ಹವಾಮಾನ. ಬೆಟ್ಟದ ಸಾಲಿನ ಮಳೆಯೇ ಬೇರೆ, ಬಯಲಿನ ಮಳೆಯೇ ಬೇರೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ನಕ್ಷೆ ಬರೆದು ತೋರಿಸುವವಳು ನಾನೇ. ನಾಚಿಕೆಯಾಯಿತು. ಶುಕ್ರವಾರ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಅರಕಲಗೂಡಿನ ಬಸ್ಸು ಹತ್ತಿದೆ, ಅಲ್ಲಿಂದ ಆಟೊ. ಅಕ್ಕ ತೋಟದಲ್ಲೇ ಇದ್ದರು. ಮೊಗ್ಗುಗಳು ಕೊಂಬೆಯುದ್ದಕ್ಕೂ ಗೊಂಚಲು ಗೊಂಚಲಾಗಿ ನಿಂತಿದ್ದವು, ಕೆಲವು ಆಗಲೇ ತುದಿಯಲ್ಲಿ ಕಂದಾಗತೊಡಗಿದ್ದವು.

“ತಪ್ಪಾಯ್ತು ಅಕ್ಕ,” ಅಂದೆ.

“ಕ್ವಾಪ ಬಂದಿತ್ತು, ಅದ್ಕೇ ಫೋನು ಎತ್ನಿಲ್ಲ. ಇನ್ನೂ ಐತೆ. ಕುತ್ಕಳಿ, ನೀರು ಕುಡೀರಿ.”

ನಾನು ನೀರು ಕುಡಿದ ಮೇಲೆ ಹೇಳಿದರು. “ನಿಮ್ಮಪ್ಪಾರು ಮಳೆ ಯೋಳೋಕ್ ಮದ್ಲು ನಮ್ಮುನ್ನ ಕೇಳೋರು ಕಣವ್ವ. ಗಾಳಿ ಯಾವ ಕಡಿಂದ ಬೀಸ್ತೈತೆ, ಬೆಟ್ಟ ಎಷ್ಟೊತ್ಗೆ ಮುಚ್ಕತದೆ, ಎಲ್ಲಾ ಇಚಾರ್ಸಿ ಆಮ್ಯಾಕೆ ಪುಸ್ತಕ ತೆಗ್ಯೋರು. ನೀವು ಒಂದ್ ಮಾತೂ ಕೇಳ್ನಿಲ್ಲ.”

ರೈತರು ಬಂದು ನಮ್ಮ ಜಗುಲಿಯಲ್ಲಿ ಕೂತಾಗ ಅಪ್ಪ ಗಂಟೆಗಟ್ಟಲೆ ಮಾತಾಡುತ್ತಿದ್ದುದು ನೆನಪಿದೆ. ಹಾಳು ಹರಟೆ ಎಂದು ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು, ನಾನೂ ಹಾಗೆಂದೇ ತಿಳಿದಿದ್ದೆ. ಅಪ್ಪನ ಮೇಲೆ ಆ ಕ್ಷಣ ಪ್ರೀತಿ ಉಕ್ಕಿ ಬಂತು, ನನ್ನ ಮೇಲೆ ಸಿಟ್ಟೂ ಬಂತು.

ಈಗಲಾದರೂ ಕೇಳಿದೆ. ನಿನ್ನೆಯಿಂದ ಮಧ್ಯಾಹ್ನಕ್ಕೇ ಬೆಟ್ಟದ ನೆತ್ತಿ ಮುಚ್ಚುತ್ತಿದೆ, ಸಂಜೆಯ ಗಾಳಿ ಪಡುವಣಕ್ಕೆ ತಿರುಗಿದೆ ಎಂದರು. ನಾನು ಫೋನಿನಲ್ಲಿ ಅವರ ಊರನ್ನೇ ಹುಡುಕಿ ನೋಡಿದೆ. ಮಂಗಳವಾರ ಮಳೆಯ ಸಂಭವ ಎಂದಿತ್ತು.

“ಬತ್ತದಾ?”

“ಗೊತ್ತಿಲ್ಲ ಅಕ್ಕ. ಬರಬಹುದು.”

ಮಳೆಯ ವಿಷಯದಲ್ಲಿ ಗೊತ್ತಿಲ್ಲ ಎಂದು ನಾನು ಬಾಯಿಬಿಟ್ಟದ್ದು ಅದೇ ಮೊದಲು. ಅಕ್ಕ ನಕ್ಕರು. ಪಕ್ಕದವರ ಶುಂಠಿಗೆ ಹೋಗಿ ಕಟ್ಟೆಯ ತಳದಲ್ಲಿ ಉಳಿದಿದ್ದ ನೀರು ಅರ್ಧ ತೋಟಕ್ಕೆ ಸಾಲುತ್ತಿತ್ತು. “ಕೆಳಗಿನರ್ಧಕ್ಕೆ ಈಗ್ಲೇ ಒಡೆಯಾನ. ಮ್ಯಾಲಿಂದು ಮಂಗಳ್ವಾರಕ್ಕೆ ಬಿಡಾನ,” ಎಂದು ಎದ್ದರು. ಇಬ್ಬರೂ ಸೇರಿ ಪೈಪು ಎಳೆದೆವು. ಇಸ್ತ್ರಿ ಮಾಡಿದ್ದ ನನ್ನ ಸೀರೆ ಮೊಣಕಾಲವರೆಗೆ ಕೆಸರಾಯಿತು.

ಮಂಗಳವಾರ ಹಾಸನದಲ್ಲಿ ಸುಡುಬಿಸಿಲು. ಪಾಠದ ನಡುವೆ ಹತ್ತು ಸಲ ಕಿಟಕಿಗೆ ಹೋಗಿ ಪಡುವಣಕ್ಕೆ ನೋಡಿದೆ, ಒಂದು ತುಂಡು ಮೋಡವಿಲ್ಲ. ಸಂಜೆ ಮನೆಯಲ್ಲಿ ಹಾಲು ಕಾಯಿಸುತ್ತಿದ್ದಾಗ ಅಕ್ಕನ ಫೋನ್ ಬಂತು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ.

“ಫೋನ್ ಇಡಬ್ಯಾಡಿ, ಅಂಗೇ ಇರಿ,” ಎಂದು ಕೂಗಿದರು. ಅಂಗಳದಲ್ಲಿ ಒಂದು ಡಬರಿ ಇಟ್ಟಿದ್ದರಂತೆ. ಅದರಲ್ಲಿ ನಿಂತ ನೀರಿಗೆ ಬೆರಳು ಅದ್ದುವುದು ಅವರ ಅಳತೆ, ಒಂದು ಗೆಣ್ಣು ಮುಳುಗಿದರೆ ಒಂದಿಂಚು. ಮೊದಲ ಸಲ ಹೋಗಿ ಬಂದು, “ಉಗುರು ಮುಳುಗೈತೆ,” ಅಂದರು. ಎರಡನೇ ಸಲ, “ಅರ್ಧ ಗೆಣ್ಣು.” ಅಷ್ಟರಲ್ಲಿ ತಗಡಿನ ಸದ್ದು ತೆಳುವಾಯಿತು. ನಾನು ಒಲೆ ಆರಿಸಿ ನಿಂತೆ. ಮಳೆ ನಿಂತೇಹೋಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮತ್ತೆ ಒಮ್ಮೆಲೇ ಧೋ ಎಂದು ಸುರಿಯಿತು. ಬಹಳ ಹೊತ್ತು ಸುರಿಯಿತು.

“ಗೆಣ್ಣು ಮುಳುಗ್ತು ಕಣವ್ವ.” ಅವರ ದನಿ ಒಡೆದಿತ್ತು. ನಾನು ಒಲೆಯನ್ನು ಮತ್ತೆ ಹಚ್ಚಿದೆ.

“ಬರೋ ವಾರ ಗುರುವಾರ ಮೊಗ್ಗು ಅರಳಿ ತ್ವಾಟ ಪೂರಾ ಬೆಳ್ಳಗಾಯ್ತದೆ,” ಅಂದರು. “ಇದ ನಾನು ಯೋಳ್ತಿವ್ನಿ. ನಂಬ್ಕಂಡು ಬನ್ನಿ.”

ಮರುದಿನ ಬೆಳಿಗ್ಗೆಯೇ ಆ ಗುರುವಾರಕ್ಕೆ ರಜೆ ಚೀಟಿ ಬರೆದುಕೊಟ್ಟೆ.