ಬಾದನಹಟ್ಟಿಯ ರಂಗದಲ್ಲಿ ಖಾಲಾ

ಕೊರಳಿಗೆ ಕಂದು ಬಣ್ಣದ ಉಣ್ಣೆಯ ಮಫ್ಲರ್, ಹಣೆಯ ತುಂಬ ಬೆವರು. ಮೇ ತಿಂಗಳ ಬಿಸಿಲಿನಲ್ಲಿ ಕಂಟೋನ್ಮೆಂಟಿನ ನಮ್ಮ ಓಣಿಯಲ್ಲಿ ಹೀಗೆ ನಡೆದು ಬರುತ್ತಿದ್ದವರು ಒಬ್ಬರೇ. ಓಣಿಯ ಮಕ್ಕಳಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಸೆಕೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಗಂಟಲು ಮುಟ್ಟಿ ತೋರಿಸುವರು. "ಕಸುಬಿನ ಸಾಮಾನಿದು. ಮುಚ್ಚಿ ಇಟ್ಕೋಬೇಕು."

ಹಳ್ಳಿಯ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುವುದು ಅವರ ಕಸುಬು. ಊರಿನ ಗಂಡಸರು ಮಾಸ್ತರರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ಖಾಲಾ ಮಾತ್ರ ನಾಟಕದ ದಿನವೇ ಬಸ್ಸಿಳಿದು, ಮುಖವನ್ನೂ ಕಂಡಿರದ ಗಂಡನೊಡನೆ ರಂಗದ ಮೇಲೆ ಸಂಸಾರ ಹೂಡಬೇಕು. ತನ್ನ ಎಷ್ಟು ಗಂಡಂದಿರು ಸತ್ತರೋ ಲೆಕ್ಕವಿಲ್ಲ ಎಂದು ಅವರು ನಗುವಾಗ, ನಿಜವಾದ ಗಂಡ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತ ತಾವೂ ನಗುತ್ತಿದ್ದರು.

ಸಭೆ ಸಮಾರಂಭಗಳ ನಿರೂಪಣೆ ಇಂದು ನನ್ನ ಅನ್ನ. ಆದರೆ ಮೊದಲ ಸಲ, ಸಿರುಗುಪ್ಪದಲ್ಲಿ, ಸ್ವಾಗತದ ಎರಡನೇ ಮಾತಿಗೇ ನನ್ನ ಗಂಟಲು ಕಟ್ಟಿತು. ಮೈಕನ್ನು ಇನ್ನೊಬ್ಬರ ಕೈಗೆ ಕೊಟ್ಟು ಇಳಿದುಬಿಟ್ಟೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ, ಅದೂ ಹೋಯಿತೆಂದು ಮನೆಯಲ್ಲಿ ಅಳುತ್ತ ಕೂತಿದ್ದೆ. ಖಾಲಾ ಬಂದರು. ಸಮಾಧಾನ ಹೇಳಲಿಲ್ಲ, ಏನು ತಿಂದು ಹೋಗಿದ್ದೆ ಎಂದು ಕೇಳಿದರು. ಹೊಟ್ಟೆ ತುಂಬ ಮೊಸರನ್ನ, ಮೇಲೆ ಐಸ್ ಹಾಕಿದ ಶರಬತ್ತು ಎಂದೆ. ಚೆನ್ನಾಗಿ ಬೈದರು. ಮುಂದಿನ ವಾರ ಬಾದನಹಟ್ಟಿಯ ನಾಟಕಕ್ಕೆ ಜೊತೆಗೆ ಕರೆದುಕೊಂಡು ಹೋದರು.

ಹೊತ್ತಿರುವಾಗಲೇ ಊರು ಸೇರಿದ್ದೆವು. ಖಾಲಾ ಮೊದಲು ಬರಿಗಾಲಲ್ಲಿ ರಂಗವನ್ನೆಲ್ಲ ಸುತ್ತಿ, ಯಾವ ಹಲಗೆ ಅಲುಗುತ್ತದೆ, ಮೈಕು ಎಲ್ಲಿ ತೂಗುತ್ತದೆ ಎಂದು ನೋಡಿಕೊಂಡರು. ಉಗುರುಬೆಚ್ಚಗಿನ ನೀರು ಕುಡಿದರು. ಆಮೇಲೆ ದೂರದ ಬೇವಿನ ಮರ ತೋರಿಸಿ, "ಅಲ್ಲಿ ಕಟ್ಟಕಡೀಗೆ ಕೂತಾಕಿಗೆ ಮಾತಾಡು. ಆಕಿಗೆ ಕೇಳಿದ್ರ ಎಲ್ಲಾರ್ಗೂ ಕೇಳ್ತೈತಿ" ಎಂದರು.

ನಾಟಕದಲ್ಲಿ ರಾಜ ಯುದ್ಧಭೂಮಿಯಲ್ಲಿ ಸತ್ತ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾಲಾ ಗೋಳಾಡುತ್ತಿದ್ದಾಗಲೇ ಆ ಪಾತ್ರಧಾರಿಯ ಬೀಗರು ಹಾರ, ಬಟ್ಟೆ ಹಿಡಿದು ರಂಗ ಹತ್ತಿದರು. ನಾಟಕದ ನಡುವೆಯೇ ಪಾತ್ರಧಾರಿಗೆ ಬಟ್ಟೆಯ ಉಡುಗೊರೆ, ಅಂದರೆ ಆಯೇರಿ, ಮಾಡುವುದು ನಮ್ಮ ಕಡೆಯ ಪದ್ಧತಿ. ಮೈಕಿನಲ್ಲಿ ಹೆಸರು ಕೂಗಿದ್ದೇ ತಡ, ಹೆಣ ಎದ್ದು ಕೂತಿತು. ಆಯೇರಿ ತೆಗೆದುಕೊಂಡು, ಮಾವನ ಕಾಲಿಗೆ ಬಿದ್ದು, ಗಡಿಬಿಡಿಯಲ್ಲಿ ತಲೆಯನ್ನು ಆಚೆ ಕಡೆ ಮಾಡಿ ಮಲಗಿತು. ಈಗ ಖಾಲಾ ತೊಡೆಯ ಮೇಲೆ ರಾಜನ ಕಾಲುಗಳು.

ಜನ ಬಿದ್ದು ಬಿದ್ದು ನಕ್ಕರು. ಪಕ್ಕದ ಪರದೆಯ ಹಿಂದೆ ನಿಂತಿದ್ದ ನಾನೂ ನಕ್ಕೆ. ಖಾಲಾ ನಗಲಿಲ್ಲ, ಬೇರೆ ಮಾತೂ ಆಡಲಿಲ್ಲ. ಬೇವಿನ ಮರದ ಕಡೆ ನೋಡುತ್ತ ಸುಮ್ಮನೆ ಕೂತರು. ನಗು ತಾನಾಗಿಯೇ ಇಳಿಯಿತು. ಆಮೇಲೆ ಆ ಪಾದಗಳನ್ನೇ ಎದೆಗೊತ್ತಿಕೊಂಡು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಅಳು ಎತ್ತಿಕೊಂಡರು. ಈಗಷ್ಟೇ ನಕ್ಕಿದ್ದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು.

ಮರುದಿನ ಬಸ್ಸಿನಲ್ಲಿ ಮಫ್ಲರ್ ಸರಿಮಾಡಿಕೊಳ್ಳುತ್ತ ಅಂದರು: "ಲೇ ಹುಡುಗಿ, ಮಾತು ನಿಂತ್ರ ನೀ ಓಡಬ್ಯಾಡ. ಅಲ್ಲೇ ನಿಂದ್ರು. ಜನ ಕೆಟ್ಟೋರಲ್ಲ, ಕಾಯ್ತಾರ."

ಕುರುಗೋಡಿನ ಮುಂದಿನ ಸಭೆಯಲ್ಲೂ ಗಂಟಲು ಕಟ್ಟಿತು. ಇಳಿಯದೆ ನಿಂತೆ. ಮಾತು ಬಂತು, ಮುಂದಿನ ಬದುಕೂ ಅದರ ಹಿಂದೆಯೇ ಬಂತು. ಹೆತ್ತವರು ನನಗೆ ಬಾಯಿ ಕೊಟ್ಟರು, ಅದನ್ನು ನಂಬಿ ಬದುಕುವುದನ್ನು ಕಲಿಸಿದವರು ಖಾಲಾ.

ಹೋದ ವರ್ಷ ಅವರು ತೀರಿಕೊಂಡರು. ಬಾದನಹಟ್ಟಿಯವರು ಅದೇ ರಂಗದ ಮೇಲೆ ನುಡಿನಮನ ಇಟ್ಟುಕೊಂಡು, ನಿರೂಪಣೆಗೆ ನನ್ನನ್ನೇ ಕರೆದರು. ಅಂದಿನ ರಾಜ, ಈಗ ತಲೆ ನರೆತವನು, ಹಸಿರು ಸೀರೆಯೊಂದನ್ನು ತಂದು, "ಆಯೇರಿ, ಅಕ್ಕಾರ" ಎಂದು ಖಾಲಾ ಫೋಟೋದ ಮುಂದಿಟ್ಟ. ಅವನ ಹೆಸರು ಹೇಳಲು ಮೈಕು ಎತ್ತಿದವಳಿಗೆ ಗಂಟಲು ಬಿಗಿಯಿತು.

ಬೇವಿನ ಮರದ ಕಡೆ ನೋಡಿದೆ. ಅದರ ಬುಡದಲ್ಲಿ ಮುದುಕಿಯೊಬ್ಬಳು ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದಳು. ನಾನು ಅಲ್ಲೇ ನಿಂತೆ. ಊರಿಗೆ ಊರೇ ನನಗಾಗಿ ಕಾಯಿತು.