ಮಾದಯ್ಯ ಬಿಡಿಸಿದ ಎರಡು ಚಕ್ರಗಳು

೧೯೭೯ರಲ್ಲಿ ನಾನು ಮದ್ರಾಸಿನ ಕೀಲ್ಪಾಕ್‌ನ ಒಂದು ಸಣ್ಣ ಪುನರ್ವಸತಿ ಕೇಂದ್ರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಹಲ್ಲುಜ್ಜುವುದರಿಂದ ಹಿಡಿದು ಬಸ್ ಹತ್ತುವವರೆಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು ನನ್ನ ಉದ್ಯೋಗ. ಪಾಠಗಳಲ್ಲಿ ಚಿತ್ರ ಬಿಡಿಸುವುದೂ ಒಂದು. ಹಲಗೆಯ ಮೇಲೆ ಕಿಟಕಿಗೆ ಹಾಕುವ ತಂತಿಜಾಲರಿ ಬಿಗಿದು, ಅದರ ಮೇಲೆ ಕಾಗದವಿಟ್ಟು, ಮೇಣದ ಕ್ರೇಯಾನ್ ಒತ್ತಿ ಎಳೆದರೆ ಗೆರೆ ಉಬ್ಬಿ ಬೆರಳಿಗೆ ಸಿಗುತ್ತದೆ. ಕಲಿಯುವವರು ಮೊದಲು ತಮಗೆ ನೆನಪಿರುವ ಒಂದು ಜಾಗವನ್ನು ನಮ್ಮ ವರಾಂಡದಲ್ಲಿ ನಡೆದು ತೋರಿಸಬೇಕು. ಆಮೇಲೆ ಇಡೀ ತೋಳು ಬೀಸಿ ಗಾಳಿಯಲ್ಲಿ ಬಿಡಿಸಬೇಕು. ಕಾಗದ ಕೊನೆಗೆ. ಕಣ್ಣು ಹೋದ ಮೇಲೂ ಜಾಗಗಳು ಮೈಯಲ್ಲಿ ಉಳಿದಿರುತ್ತವೆ ಎಂಬುದು ಅವರಿಗೇ ಗೊತ್ತಾಗಲಿ ಎಂದು ಈ ಪಾಠ.

ಆ ವರ್ಷ ಜೂನ್‌ನಲ್ಲಿ ಮಾದಯ್ಯ ಎಂಬುವರು ಬಂದರು. ನಲವತ್ತನಾಲ್ಕು ವಯಸ್ಸು. ಕೊಳ್ಳೇಗಾಲದ ಕಡೆಯವರು, ಇಪ್ಪತ್ತು ವರ್ಷದಿಂದ ಮದ್ರಾಸಿನಲ್ಲಿದ್ದರು. ಮಣಲಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಅನ್ನ ಬೇಯಿಸುವ ಎರಡು ದೊಡ್ಡ ಕೊಪ್ಪರಿಗೆಗಳಿಗೆ ಸ್ಟೀಮ್ ಬಿಡುವುದು, ನಿಲ್ಲಿಸುವುದು ಅವರ ಕೆಲಸ. ಒಂದು ಬೆಳಿಗ್ಗೆ ಜೊತೆಗಾರ ಆರುಮುಗಂ ಕೊಪ್ಪರಿಗೆಯೊಳಗೆ ಇಳಿದು ಉಜ್ಜುತ್ತಿದ್ದಾಗ ಸ್ಟೀಮ್ ನುಗ್ಗಿತು. ಅವನನ್ನು ಎಳೆಯಲು ಬಗ್ಗಿದ ಮಾದಯ್ಯನವರ ಮುಖ ಬೆಂದಿತು. ಆರುಮುಗಂ ಮೂರನೆಯ ದಿನ ತೀರಿಕೊಂಡ.

ಅವರ ಫೈಲಿನಲ್ಲಿ ಕಂಪನಿಯ ಗುಮಾಸ್ತರೊಬ್ಬರು ಆಸ್ಪತ್ರೆಯಲ್ಲಿ ಬರೆದುಕೊಂಡ ಹೇಳಿಕೆಯ ಪ್ರತಿ ಇತ್ತು. ತಮಿಳಿನಲ್ಲಿ ನಾಲ್ಕು ಸಾಲು, ಕೆಳಗೆ ಹೆಬ್ಬೆಟ್ಟು. ಮೂರನೆಯ ಸಾಲು: “ವಾಲ್ವು ಮೂಡ್ಲ, ವಾಲ್ವು ಮೂಡ್ಲ ಎಂದು ಹಲವು ಸಲ ಹೇಳಿದ.” ಆಡುಮಾತಿನ ತಮಿಳಿನಲ್ಲಿ ‘ಮೂಡ್ಲ’ ಎಂದರೆ ‘ಮುಚ್ಚಲಿಲ್ಲ’. ತನ್ನ ಬಾಯಿಂದಲೇ ತಪ್ಪು ಒಪ್ಪಿಕೊಂಡಿದ್ದಾನೆ, ಆರುಮುಗಂನ ಸಾವಿಗೆ ಇವನೇ ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ನಾನೂ ಓದಿದೆ. ನಾನೂ ನಂಬಿದೆ.

ಮಾದಯ್ಯ ಮೊದಲ ವಾರವೇ ಕೇಳಿದರು. “ಅವ್ವಾ, ನಾ ಮುಚ್ಚಿದ್ದೆ ಅಂತ ನನ್ನ ಕೈ ಹೇಳ್ತದೆ. ಒಪ್ಪಿಕೊಂಡಿದ್ದೀಯ ಅಂತ ಅವರು ಹೇಳ್ತಾರೆ. ಜ್ವರದಲ್ಲಿ ಏನಂದ್ನೋ. ಆರುಮುಗನ್ನ ನಾನೇ ಕೊಂದ್ನಾ?”

“ಅದನ್ನೆಲ್ಲ ಮರೆತುಬಿಡಿ,” ಎಂದೆ. ಈ ಮಾತನ್ನು ಇಲ್ಲಿ ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಐದನೆಯ ವಾರ ಚಿತ್ರದ ಪಾಠ ಬಂತು. ಬೇರೆ ಜಾಗ ಆರಿಸಿ ಎಂದರೂ ಕೇಳದೆ ಅವರು ಕ್ಯಾಂಟೀನನ್ನೇ ನಡೆದು ತೋರಿಸಿದರು. ಬಾಗಿಲಿಂದ ಒಂಬತ್ತು ಹೆಜ್ಜೆ. ಗಂಜಿಯಿಂದ ಜಾರುವ ನೆಲ, ಅಲ್ಲಿ ಪಾದವನ್ನು ಚಪ್ಪಟೆಯಾಗಿ ಊರಿದರು. ಮುಖ ಎತ್ತಿ, “ಇಲ್ಲಿ ಎಣ್ಣೂರ ಸಮುದ್ರದ ಕಡೆ ಗಾಳಿ ಬಡೀತದೆ, ಉಪ್ಪು ವಾಸನೆ,” ಎಂದರು. ವಾಲ್ವು ಎಡಕ್ಕೋ ಬಲಕ್ಕೋ ಎಂದು ಕೇಳಿದೆ.

“ಎಡ ಬಲ ನಾ ತಿರುಗಿದ್ರೆ ತಾವೂ ತಿರುಗ್ತವೆ. ದಿಕ್ಕು ತಿರುಗ್ತದಾ ಅವ್ವಾ? ಇದು ಪಡ್ಲ ವಾಲ್ವು.” ಗಾಳಿಯಲ್ಲಿ ಚಕ್ರ ಹಿಡಿದು ತಿರುಗಿಸಿದರು. ಎಣಿಸಿದೆ: ಹನ್ನೊಂದು ಸುತ್ತು. ಹನ್ನೊಂದಕ್ಕೆ ಮೊಣಕೈ ಗಕ್ಕನೆ ನಿಂತು, ಭುಜ ಬಿಗಿಯಿತು. ಆಮೇಲೆ ನಾಲ್ಕು ಹೆಜ್ಜೆ ಸರಿದರು. “ಇದು ಮೂಡ್ಲ ವಾಲ್ವು. ಸ್ಟೀಮ್ ನುಗ್ತಿದ್ದಂಗೆ ಮತ್ತೆ ತಿರುಗಿಸ್ದೆ.” ಹನ್ನೊಂದು ಸುತ್ತಾಯಿತು, ಹನ್ನೆರಡಾಯಿತು, ಹದಿನೈದಾಯಿತು. ಮೊಣಕೈ ನಿಲ್ಲಲೇ ಇಲ್ಲ. ಅವರ ಉಸಿರು ಏರಿತು. “ಕಚ್ಕೊಳ್ತಾ ಇಲ್ಲ, ಮೂಡ್ಲ ವಾಲ್ವು, ಮೂಡ್ಲ ವಾಲ್ವು!” ಎಂದು ಕೂಗಿಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ನಮ್ಮ ನರ್ಸ್ ವಸಂತಾ ತಮಿಳಿನವರು. ಕನಿಕರದಿಂದ ತಮಿಳಿನಲ್ಲೇ, “ಪಾಪ, ಮುಚ್ಚಲಿಲ್ಲ ಅಂತ ಈಗಲೂ ಅವರೇ ಹೇಳ್ತಾರಲ್ಲ,” ಎಂದರು.

ಆಗ ನನಗೆ ಹೊಳೆಯಿತು. ಪಡ್ಲ ಎಂದರೆ ಪಡುವಲ, ಪಶ್ಚಿಮ. ಮಾದಯ್ಯ ಹೇಳಿದ್ದು ಮೂಡಲ, ಅಂದರೆ ಪೂರ್ವ. ಆಸ್ಪತ್ರೆಯ ಮಂಚದಲ್ಲೂ ಅವರು ತಮ್ಮೂರಿನ ಮಾತಿನಲ್ಲಿ, ಕೆಟ್ಟದ್ದು ಯಾವ ವಾಲ್ವು ಎಂದು ಹೇಳುತ್ತಿದ್ದರು. ‘ಮೂಡ್ಲ ವಾಲ್ವು, ಮೂಡ್ಲ ವಾಲ್ವು’ ಎಂದು ಒಂದೇ ಸಮನೆ ಅಂದದ್ದು ಗುಮಾಸ್ತರ ಕಿವಿಗೆ ‘ವಾಲ್ವು ಮೂಡ್ಲ’ ಎಂಬ ತಮಿಳಾಗಿ ಬಿದ್ದಿತ್ತು. ಅವರನ್ನು ಕ್ಷಮಿಸಬಹುದು. ನಾನು ಕನ್ನಡದವಳು. ರೈಲ್ವೆ ಕ್ವಾರ್ಟರ್ಸಿನಲ್ಲಿ ತಮಿಳಿನ ನಡುವೆ ಬೆಳೆದು, ಮನೆಯಲ್ಲಿ ‘ಪೂರ್ವ’ ಎಂಬ ಮಾತನ್ನಷ್ಟೇ ಕೇಳಿದ್ದ ನಾನು ನನ್ನದೇ ಭಾಷೆಯ ಪದವನ್ನು ತಮಿಳೆಂದು ಓದಿ, ಒಬ್ಬ ಮನುಷ್ಯನನ್ನು ಐದು ವಾರ ಕೊಲೆಗಾರನೆಂದು ನೋಡಿದ್ದೆ.

ಅಂದೇ ಅವರು ಚಿತ್ರವನ್ನು ಕಾಗದಕ್ಕಿಳಿಸಿದರು. ಪಡುವಲ ಚಕ್ರ ಹನ್ನೊಂದು ಸುರುಳಿಯಾಗಿ, ಕೊನೆಯಲ್ಲಿ ಕ್ರೇಯಾನ್ ಮುರಿಯುವಷ್ಟು ಒತ್ತಿದ ಚುಕ್ಕೆ. ಮೂಡಲ ಚಕ್ರದ ಸುರುಳಿ ಕಾಗದದ ಅಂಚು ದಾಟಿ ಹಲಗೆಯ ಮೇಲೆ ಹೋಗಿತ್ತು. ವಾಲ್ವಿನ ಒಳಗೆ ಸ್ಪಿಂಡಲ್ ಎಂಬ ಕಡ್ಡಿಯ ತಿರುಪಿನ ಗೀರು ಸವೆದರೆ ಹೀಗೇ ಆಗುತ್ತದೆ. ಚಕ್ರ ತಿರುಗುತ್ತದೆ, ಬಾಯಿ ಮುಚ್ಚುವುದಿಲ್ಲ. ಫಿಟ್ಟರ್‌ಗೆ ಎರಡು ಸಲ ಹೇಳಿದ್ದೆ ಎಂದರು ಮಾದಯ್ಯ.

ಚಿತ್ರ ಹಿಡಿದು ಮಣಲಿಗೆ ಹೋದೆ. ವಿಚಾರಣೆ ನಡೆಸಿದ್ದ ಅಧಿಕಾರಿ ಕಾಗದವನ್ನು ತಲೆಕೆಳಗಾಗಿ ಹಿಡಿದು ನಕ್ಕರು. “ಎನ್ನಮ್ಮಾ ಇದು, ಕೋಲಮಾ?” ರಂಗೋಲಿಯೇ ಎಂದು ಕೇಳಿದ್ದು. ಪದದ ವಿಷಯ ವಿವರಿಸಿದೆ.

“ಇಲ್ಲಿ ಮೂಡಲ ಗೀಡಲ ಇಲ್ಲ, ಮೇಡಂ. ನಂಬರ್ ಒನ್, ನಂಬರ್ ಟೂ. ಇಪ್ಪತ್ತು ವರ್ಷ ಇದ್ದವನಿಗೆ ತಮಿಳು ಬರಲ್ವಾ?”

“ಹೆಬ್ಬೆಟ್ಟು ಒತ್ತಿಸುವ ಮುಂಚೆ ಅವರಿಗೆ ಓದಿ ಹೇಳಿದಿರಾ?”

“ಆ ಸ್ಥಿತಿಯಲ್ಲಿ ಏನು ಓದೋದು?”

“ಆ ವಾಲ್ವು ತೋರಿಸಿ.”

“ಬದಲಾಯಿಸಿ ಆಯ್ತು. ಹಳೇದು ಸ್ಕ್ರ್ಯಾಪ್‌ಗೆ ಹೋಯ್ತು.”

“ಸರಿಯಾಗಿದ್ದರೆ ಯಾಕೆ ಬದಲಾಯಿಸಿದಿರಿ?”

ಅವರು ಕಾಲಿಂಗ್ ಬೆಲ್ ಒತ್ತಿದರು. ಪ್ಯೂನ್ ಬಂದು ಬಾಗಿಲು ತೆರೆದು ನಿಂತ. ಆಮೇಲೆ ನಾನು ಬರೆದ ಮೂರು ಪತ್ರಗಳಿಗೆ ಒಂದೇ ಉತ್ತರ ಬಂತು: ದೃಷ್ಟಿಯಿಲ್ಲದ ವ್ಯಕ್ತಿಯ ಚಿತ್ರವನ್ನು ಪರಿಗಣಿಸಲಾಗದು.

ಮಾದಯ್ಯನವರಿಗೆ ಓದಿ ಹೇಳಿದೆ. “ಅವರ್ನ ಬುಡಿ. ಆರುಮುಗನ ಹೆಂಡ್ರಿಗೆ ಗೊತ್ತಾಗ್ಬೇಕು,” ಎಂದರು.

ಮರುವಾರ, ನಾನು ಹೇಳಿ ಕಳಿಸಿದ ಮೇಲೆ, ಆರುಮುಗಂನ ಹೆಂಡತಿ ಪೊನ್ನಮ್ಮ ಬಂದರು. ಬಾಗಿಲಲ್ಲೇ ನಿಂತು, “ಯಾತಕ್ಕೆ ಕರೆಸಿದ್ರಿ? ಇವನ ಮುಖ ನೋಡಕ್ಕಾ?” ಎಂದು ತಮಿಳಿನಲ್ಲಿ ಕೇಳಿದರು. ಮಾದಯ್ಯ ಚಿತ್ರದ ಹಲಗೆ ಹಿಡಿದು ದನಿ ಬಂದ ಕಡೆ ಹೋದರು. ಆಕೆಯ ಬೆರಳು ಹಿಡಿದು ಮೊದಲ ಚಕ್ರದ ಮೇಲಿಟ್ಟರು, ಚುಕ್ಕೆಯವರೆಗೆ ಒಯ್ದರು. ಆಮೇಲೆ ಎರಡನೆಯದರ ಮೇಲಿಟ್ಟು, “ಇದು ಆರುಮುಗ ಇಳಿದಿದ್ದ ಕೊಪ್ಪರಿಗೆ ವಾಲ್ವು,” ಎಂದು ತಮ್ಮ ಕೈ ತೆಗೆದರು. ಪೊನ್ನಮ್ಮನ ಬೆರಳು ತಾನಾಗಿ ಸುತ್ತುತ್ತಾ ಹೋಗಿ ಕಾಗದದಿಂದ ಹೊರಬಿತ್ತು.

“ನಿಲ್ಲಲೇ ಇಲ್ಲವಾ, ಅಣ್ಣಾ?” ಎಂದರು.

“ಇಲ್ಲಮ್ಮಾ.”

ಆಕೆ ನೆಲದ ಮೇಲೆ ಕುಳಿತು ಅತ್ತರು. ಮಾದಯ್ಯನವರೂ ಅತ್ತರು. ನಾನು ಹೊರಗೆ ಬಂದೆ.

ನಿವೃತ್ತಿಯವರೆಗೂ ನಾನು ಬರೆದುಕೊಂಡ ಪ್ರತಿ ಹೇಳಿಕೆಯನ್ನೂ ಹೇಳಿದವರ ಎದುರು ಗಟ್ಟಿಯಾಗಿ ಓದಿದ್ದೇನೆ, ಕಿರಿಯರಿಂದಲೂ ಓದಿಸಿದ್ದೇನೆ. ನಾಲ್ಕು ಸಾಲು ಓದಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷವನ್ನು ಮಾದಯ್ಯನವರಿಗೆ ಯಾರೂ ಕೊಡಲಿಲ್ಲ, ನಾನೂ ಸೇರಿ.